ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನ: 14,000 ಕಿಲೋಮೀಟರ್ ಎಂದರೆ ಎಷ್ಟು ಗಂಟೆ?

ನಮ್ಮ ತಾಯಿಯವರಿಗೆ 74 ವರ್ಷ. ಎರಡೂ ಮೊಣಕಾಲು ನೋವು, ಮೆಟ್ಟಿಲು ಹತ್ತುವುದು ಕಷ್ಟ, ಒಂದೇ ಕಡೆ ಬಹಳ ಹೊತ್ತು ಕೂತರೆ ಪಾದ ಊದಿಕೊಳ್ಳುತ್ತದೆ. ನನ್ನ ತಂಗಿಯ ಮನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದೆ. ಮೊಮ್ಮಗುವನ್ನು ನೋಡಬೇಕೆಂಬ ಅವರ ಆಸೆಗೂ ಮೈಸೂರಿನ ನಮ್ಮ ಮನೆಗೂ ನಡುವೆ, ಭೂಮಿಯ ಮೇಲೆ ಇರಬಹುದಾದ ಅತಿ ಹೆಚ್ಚಿನ ಅಂತರದ ಮುಕ್ಕಾಲು ಪಾಲಿಗೆ ಹತ್ತಿರವಾಗುವಷ್ಟು ದೂರವಿದೆ. ಭೂಮಿಯ ಮೇಲೆ ಯಾವುದೇ ಎರಡು ಊರುಗಳ ನಡುವಿನ ಅಂತರ ಹೆಚ್ಚೆಂದರೆ ಸುಮಾರು 20,000 ಕಿಲೋಮೀಟರ್ ಇರಲು ಸಾಧ್ಯ; ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಗಳ ನಡುವಿನ ಅಂತರ ಅದರಲ್ಲಿ ಸುಮಾರು 14,000 ಕಿಲೋಮೀಟರ್. ಈ ದೂರವನ್ನು ಎಲ್ಲಿಯೂ ಇಳಿಯದೆ ದಾಟಿಸುತ್ತಿದ್ದ ಏರ್ ಇಂಡಿಯಾದ ನೇರ ವಿಮಾನದಲ್ಲಿ 2024ರ ಫೆಬ್ರವರಿಯಲ್ಲಿ ನಾನು ತಾಯಿಯವರನ್ನು ಕರೆದುಕೊಂಡು ಹೋಗಿ, ಏಪ್ರಿಲ್ ಕೊನೆಯಲ್ಲಿ ಅದೇ ಮಾರ್ಗದಲ್ಲಿ ಹಿಂದಿರುಗಿದೆ. ವಯಸ್ಸಾದವರನ್ನು ಇಂಥದೇ ಪ್ರಯಾಣಕ್ಕೆ ಸಿದ್ಧಗೊಳಿಸುತ್ತಿರುವವರಿಗೆ ಈ ವಿಮರ್ಶೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಲೆಕ್ಕದ ವಿಷಯ, ಏಕೆಂದರೆ ನಾವು ತಪ್ಪು ತಿಳಿದದ್ದು ಅಲ್ಲಿಯೇ. ಎರಡು ನಿಲ್ದಾಣಗಳ ಹೆಸರು ಕೊಟ್ಟರೆ ದೂರ ಮತ್ತು ಹಾರಾಟದ ವೇಳೆಯನ್ನು ಹೇಳುವ ಜಾಲತಾಣವೊಂದನ್ನು ನಂಬಿ ನಾನು ಯೋಜನೆ ಹಾಕಿಕೊಂಡಿದ್ದೆ. ಅದು ತೋರಿಸಿದ್ದು 13,993 ಕಿಲೋಮೀಟರ್, 16 ಗಂಟೆ 58 ನಿಮಿಷ. ಹೋಗುವುದಕ್ಕೂ ಬರುವುದಕ್ಕೂ, ಜನವರಿಗೂ ಜುಲೈಗೂ ಅದೇ 16 ಗಂಟೆ 58 ನಿಮಿಷ. ನಿಮಿಷದ ತನಕ ನಿಖರವಾಗಿ ಕಾಣುವ ಆ ಸಂಖ್ಯೆ ಎಲ್ಲಿಂದ ಬಂತೆಂದು ಕಾಗದದ ಮೇಲೆ ಭಾಗಿಸಿ ನೋಡಿದಾಗ ತಿಳಿಯಿತು: ದೂರವನ್ನು ಗಂಟೆಗೆ 850 ಕಿಲೋಮೀಟರ್ ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಸೇರಿಸಿ ಅರ್ಧ ಗಂಟೆ ಕೂಡಿಸಿದ್ದಾರೆ, ಅಷ್ಟೇ. ದೂರದ ಸಂಖ್ಯೆ ಸರಿಯಾಗಿಯೇ ಇದೆ. ವೇಳೆಯ ಸಂಖ್ಯೆಯಲ್ಲಿ ಗಾಳಿ ಇಲ್ಲ, ಹಿಮಾಲಯವಿಲ್ಲ, ದೇಶಗಳ ಗಡಿಗಳಿಲ್ಲ, ರನ್‌ವೇಗೆ ಹೋಗಲು ಸಾಲಿನಲ್ಲಿ ಕಾಯುವ ಇಪ್ಪತ್ತು ನಿಮಿಷವೂ ಇಲ್ಲ. ಔಷಧಿಯ ವೇಳೆ, ಊಟದ ವೇಳೆ, ನಿಲ್ದಾಣಕ್ಕೆ ಕರೆಯಲು ಬರುವವರ ವೇಳೆ ಎಲ್ಲವನ್ನೂ ಇಂಥ ಸಂಖ್ಯೆಯ ಮೇಲೆ ನಿಲ್ಲಿಸುವ ಕುಟುಂಬಗಳು ಎಷ್ಟೋ ಇವೆ ಎಂಬುದನ್ನು ನೆನೆದರೆ, ಆ ಜಾಲತಾಣದವರು ಕೆಳಗೊಂದು ಸಾಲು ಎಚ್ಚರಿಕೆ ಬರೆಯಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ದೂರದ ಲೆಕ್ಕವನ್ನು ತಾಯಿಯವರಿಗೆ ವಿವರಿಸಲು ನಮ್ಮ ಮನೆಯ ಹಳೆಯ ಭೂಗೋಳದ ಗೋಳವನ್ನು ಅಟ್ಟದಿಂದ ಇಳಿಸಿ, ಹೂ ಕಟ್ಟುವ ದಾರವನ್ನು ತೆಗೆದುಕೊಂಡೆ. ಒಂದು ತುದಿಯನ್ನು ಅವರು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದರು, ಇನ್ನೊಂದು ತುದಿಯನ್ನು ನಾನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಹಿಡಿದು ಬಿಗಿದೆ. ಗೋಡೆಯ ನಕ್ಷೆಯನ್ನು ನೋಡಿ ಬೆಳೆದ ನಮಗೆ ದಾರವು ಪೂರ್ವಕ್ಕೋ ಪಶ್ಚಿಮಕ್ಕೋ ಸಾಗುತ್ತದೆಂಬ ನಿರೀಕ್ಷೆ; ಅದು ಮಾತ್ರ ನೇಪಾಳ, ಟಿಬೆಟ್, ಚೀನಾ ದಾಟಿ ಉತ್ತರಕ್ಕೆ ಏರಿ, ಸೈಬೀರಿಯದ ತುದಿಯಲ್ಲಿ ಆರ್ಕ್‌ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲಿಂದ ಕೆಳಗಿಳಿಯಿತು. ಲೆಕ್ಕ ಹಾಕಿದರೆ ಈ ದಾರಿಯ ತುತ್ತತುದಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶ. ಕಾರಣ ಸರಳವಾಗಿದೆ: ಬೆಂಗಳೂರು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ಸ್ಯಾನ್ ಫ್ರಾನ್ಸಿಸ್ಕೊ 122.4 ಡಿಗ್ರಿ ಪಶ್ಚಿಮದಲ್ಲಿದೆ. ಎರಡರ ನಡುವಿನ ಅಂತರ 160 ಡಿಗ್ರಿ, ಅಂದರೆ ಭೂಮಿಯ ಆಚೆ ಬದಿಗೆ ಇಪ್ಪತ್ತು ಡಿಗ್ರಿ ಮಾತ್ರ ಕಡಿಮೆ. ಅಷ್ಟು ಎದುರುಬದುರಾಗಿರುವ ಊರುಗಳಿಗೆ ಹತ್ತಿರದ ದಾರಿ ತಲೆಯ ಮೇಲಿನಿಂದಲೇ. ಉತ್ತರ ಧ್ರುವದ ಮೇಲೇ ಹಾದು ಹೋದರೂ ದೂರ ಸುಮಾರು 14,360 ಕಿಲೋಮೀಟರ್. ಹೆಚ್ಚಾಗುವುದು 370 ಕಿಲೋಮೀಟರ್ ಮಾತ್ರ, ವಿಮಾನಕ್ಕೆ ಅದು ಅರ್ಧ ಗಂಟೆಗೂ ಕಡಿಮೆ.

ಇದೇ ಧ್ರುವದ ದಾರಿ ಈ ಸೇವೆಯ ಮೊದಲ ಹಾರಾಟವನ್ನು ದೇಶಕ್ಕೆಲ್ಲ ಪರಿಚಯಿಸಿತು. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಆ ಬೋಯಿಂಗ್ 777-200ಎಲ್‌ಆರ್ ವಿಮಾನವನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವಣೆ ಮತ್ತು ಶಿವಾನಿ ಮನ್ಹಾಸ್, ನಾಲ್ವರೂ ಮಹಿಳೆಯರು. ವಿಮಾನ ಬೆಂಗಳೂರಿಗೆ ಬಂದಿಳಿದದ್ದು ಜನವರಿ 11ರ ಸೋಮವಾರ ನಸುಕಿನಲ್ಲಿ. ನಡುವೆ ಸೇವೆ ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಆರಂಭವಾಯಿತು. ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದ ತಾಯಿಯವರು ಅಂದಿನಿಂದಲೇ "ಹೋದರೆ ಆ ಹೆಣ್ಣುಮಕ್ಕಳು ಹಾರಿಸಿದ ವಿಮಾನದಲ್ಲೇ ಹೋಗುವುದು" ಎಂದು ತೀರ್ಮಾನಿಸಿದ್ದರು.

ಆದರೆ ನಾವು ಹೋಗುವಾಗ ವಿಮಾನ ಧ್ರುವದ ಕಡೆ ತಿರುಗಲೇ ಇಲ್ಲ, ದಾರ ತೋರಿಸಿದ ಹಾದಿಯನ್ನೂ ಹಿಡಿಯಲಿಲ್ಲ. ಎದುರಿನ ಪರದೆಯ ನಕ್ಷೆಯಲ್ಲಿ ಅದು ಬಂಗಾಳ ಕೊಲ್ಲಿಯನ್ನು ದಾಟಿ, ಮ್ಯಾನ್ಮಾರ್ ಮೇಲೆ ಹಾದು, ಚೀನಾದ ದಕ್ಷಿಣ ಭಾಗದಿಂದ ಜಪಾನ್ ಕಡೆಗೆ ಸಾಗಿತು. ಇದಕ್ಕೆ ಎರಡು ಕಾರಣಗಳು. ಒಂದು, ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿ. ವಿಮಾನದ ಒಳಗಿನ ಗಾಳಿಯ ಒತ್ತಡ ಹಠಾತ್ತನೆ ಇಳಿದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ ಇಳಿಯಬೇಕಾಗುತ್ತದೆ. ನೆಲವೇ 14,000–15,000 ಅಡಿ ಎತ್ತರದಲ್ಲಿರುವ ಕಡೆ ಇಳಿಯುವುದು ಎಲ್ಲಿಗೆ? ಹಾಗಾಗಿ ಸಾಮಾನ್ಯವಾಗಿ ವಿಮಾನಗಳು ಆ ಭಾಗವನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತವೆ. ಎರಡನೆಯ ಕಾರಣ ಗಾಳಿ. ಚಳಿಗಾಲದಲ್ಲಿ ಜಪಾನ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆ ಗಂಟೆಗೆ 300 ಕಿಲೋಮೀಟರ್ ವೇಗದಲ್ಲೂ ಹರಿಯುವುದುಂಟು. ಟೋಕಿಯೊ ಹತ್ತಿರದಿಂದ ಹಾದು ಹೋಗುವ ದಾರಿ ಸುಮಾರು 14,900 ಕಿಲೋಮೀಟರ್. ಹತ್ತಿರದ ದಾರಿಗಿಂತ 900 ಕಿಲೋಮೀಟರ್ ಹೆಚ್ಚು. ಆದರೂ ಬೆನ್ನಿಗೆ ಗಾಳಿ ಸಿಕ್ಕಿದರೆ ಅದೇ ಬೇಗ ಮುಟ್ಟಿಸುತ್ತದೆ. ಜಪಾನ್ ದಾಟುವಾಗ ಪರದೆಯ ಮೇಲೆ ನೆಲಕ್ಕೆ ಹೋಲಿಸಿದ ವೇಗ 1,130 ಎಂದು ತೋರಿಸಿದಾಗ ತಾಯಿಯವರನ್ನು ಎಬ್ಬಿಸಿ ತೋರಿಸಿದೆ. ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ಮಾರ್ಗದಲ್ಲಿ ಏರ್ ಇಂಡಿಯಾ 2016ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲಿನಿಂದ ಹಾರಲು ಆರಂಭಿಸಿದಾಗಲೂ ಹೀಗೆಯೇ ಆಯಿತು: ದೂರ ಸುಮಾರು 13,900ರಿಂದ 15,300 ಕಿಲೋಮೀಟರಿಗೆ ಏರಿತು, ವೇಳೆ ಸುಮಾರು ಎರಡು ಗಂಟೆ ಇಳಿಯಿತು. ದೂರ ಹೆಚ್ಚಾದರೆ ವೇಳೆಯೂ ಹೆಚ್ಚಾಗಬೇಕೆಂಬ ನಮ್ಮ ಬಸ್ಸಿನ ಲೆಕ್ಕ ಆಕಾಶದಲ್ಲಿ ನಡೆಯುವುದಿಲ್ಲ.

ಈಗ ಗಡಿಯಾರದ ಮಾತು. ಮಧ್ಯಾಹ್ನ ಎರಡೂವರೆಯ ಸುಮಾರಿಗೆ ದೇವನಹಳ್ಳಿಯಿಂದ ಹೊರಟವರು ಅದೇ ದಿನ ಸಂಜೆ ಐದು ಗಂಟೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದೆವು. ಗಡಿಯಾರದ ಪ್ರಕಾರ ಎರಡೂವರೆ ಗಂಟೆ, ಮೈಗೆ ಹದಿನಾರು ಗಂಟೆ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್‌ನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಟ್ಟ ಮೇಲೆ ಹನ್ನೆರಡೂವರೆ ಗಂಟೆ. ಹದಿನಾರು ಗಂಟೆ ಎಂದು ಬರೆದೆನಾದರೂ ಇದು ಬಾಗಿಲು ಮುಚ್ಚಿ ವಿಮಾನ ಹಿಂದಕ್ಕೆ ಸರಿದ ಕ್ಷಣದಿಂದ ಅಲ್ಲಿ ಬಾಗಿಲು ತೆರೆಯುವ ತನಕದ ವೇಳೆ. ನಮ್ಮ ಮನೆಯ ಬಾಗಿಲಿನಿಂದ ತಂಗಿಯ ಮನೆಯ ಬಾಗಿಲಿನ ತನಕ ತಗುಲಿದ್ದು 26 ಗಂಟೆ 10 ನಿಮಿಷ. ಬೆಳಿಗ್ಗೆ ಆರೂವರೆಗೆ ಮೈಸೂರು ಬಿಟ್ಟು, ಕೆಎಸ್‌ಆರ್‌ಟಿಸಿಯ ಫ್ಲೈ ಬಸ್ಸಿನಲ್ಲಿ ನಿಲ್ದಾಣ ಸೇರಲು ನಾಲ್ಕೂವರೆ ಗಂಟೆ, ಅಲ್ಲಿ ಮೂರೂವರೆ ಗಂಟೆ ಕಾಯುವಿಕೆ, ಆಮೇಲೆ ಹಾರಾಟ, ಅಲ್ಲಿ ವಲಸೆ ತಪಾಸಣೆ ಮತ್ತು ಸಾಮಾನು ಸೇರಿ ಒಂದು ಗಂಟೆ ಇಪ್ಪತ್ತು ನಿಮಿಷ, ಕೊನೆಗೆ ಸ್ಯಾನ್ ಮಟೇವೊ ಸೇತುವೆ ದಾಟಿ ಫ್ರೀಮಾಂಟಿಗೆ ಐವತ್ತು ನಿಮಿಷ. ಕಡಲ ಮೇಲೆ ಅಷ್ಟುದ್ದ ಚಾಚಿಕೊಂಡಿರುವ ಆ ಸೇತುವೆಯ ಮೇಲೆ ಸಂಜೆಯ ವಾಹನಗಳ ಸಾಲಿನಲ್ಲಿ ನಿಂತಾಗ ತಾಯಿಯವರಿಗೆ ಅಷ್ಟು ಹೊತ್ತಿನ ದಣಿವೆಲ್ಲ ಒಟ್ಟಿಗೆ ಬಂದಂತಾಯಿತು.

ಸೇವೆಯ ಗುಣದ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದೇ. ಸಾಮಾನ್ಯ ದರ್ಜೆಯಲ್ಲಿ ಸಾಲಿಗೆ ಒಂಬತ್ತು ಆಸನ, ಮೂರು ಮೂರರಂತೆ. ಕೆಲವು 777 ವಿಮಾನಗಳಲ್ಲಿ ಅದೇ ಅಗಲಕ್ಕೆ ಹತ್ತು ಆಸನ ಕೂರಿಸಿರುತ್ತಾರಾದ್ದರಿಂದ ಈ ಒಂದು ಆಸನದ ಕಡಿತ ಹದಿನಾರು ಗಂಟೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ತಾಯಿಯವರಿಗೆ ನಡುದಾರಿಯ ಪಕ್ಕದ ಆಸನವನ್ನೇ ಆರಿಸಿಕೊಂಡಿದ್ದೆವು. ಒಂದೂವರೆ ಗಂಟೆಗೊಮ್ಮೆ ಎದ್ದು, ಹಿಂದಿನ ಅಡುಗೆ ಕೋಣೆಯ ತನಕ ನಡೆದು, ಅಲ್ಲಿ ಐದು ನಿಮಿಷ ನಿಂತು ಬರುವುದು ವೈದ್ಯರ ಸಲಹೆ. ಎರಡನೇ ಬಾರಿ ಹೋದಾಗಲೇ ಒಬ್ಬ ಗಗನಸಖಿ ಅವರನ್ನು ಗುರುತಿಟ್ಟುಕೊಂಡು, ಬಂದಾಗಲೆಲ್ಲ ಒಂದು ಲೋಟ ನೀರು ಸಿದ್ಧವಾಗಿಟ್ಟಿರುತ್ತಿದ್ದರು. ನಾಲ್ಕನೆಯ ಸಲ "ಅಮ್ಮ, ಬನ್ನಿ" ಎಂದು ಕನ್ನಡದಲ್ಲೇ ಕರೆದರು. ಮೈಸೂರಿನ ನೆಲ ಬಿಟ್ಟು ಎಂಟು ಸಾವಿರ ಕಿಲೋಮೀಟರ್ ದಾಟಿದ ಮೇಲೆ, ಕೆಳಗೆ ಬರೀ ಕತ್ತಲ ಸಾಗರವಿರುವಾಗ ಕಿವಿಗೆ ಬಿದ್ದ ಆ ಎರಡು ಮಾತುಗಳನ್ನು ತಾಯಿಯವರು ಈಗಲೂ ಹೇಳಿಕೊಳ್ಳುತ್ತಾರೆ. ಸಸ್ಯಾಹಾರದ ಊಟ ಬಿಸಿಯಾಗಿತ್ತು, ಮೊಸರು ಕೊಟ್ಟರು. ಊಟದ ಬಗ್ಗೆ ಅದಕ್ಕಿಂತ ಹೆಚ್ಚು ಬರೆಯುವಂಥದೇನೂ ಇಲ್ಲ.

ನೇರ ವಿಮಾನಕ್ಕೆ ಒಬ್ಬರಿಗೆ ಸುಮಾರು 18,000 ರೂಪಾಯಿ ಹೆಚ್ಚು ತೆತ್ತೆವು. ಅದು ಸಾರ್ಥಕವೇ ಎಂದು ಕೇಳುವವರಿಗೆ 2019ರ ನಮ್ಮ ಪ್ರಯಾಣವನ್ನು ಹೇಳಬೇಕು. ಆಗ ನಡುವೆ ಒಂದು ಕಡೆ ವಿಮಾನ ಬದಲಿಸುವ ಟಿಕೆಟ್ ಕೊಂಡಿದ್ದೆವು. ಸಂಸ್ಥೆಯ ಹೆಸರಾಗಲಿ ಊರಿನ ಹೆಸರಾಗಲಿ ಇಲ್ಲಿ ಬೇಡ. ಮೊದಲ ವಿಮಾನ ಒಂದೂವರೆ ಗಂಟೆ ತಡವಾಗಿ ಹೊರಟಿತು, ಎರಡನೆಯದು ನಮಗಾಗಿ ಕಾಯಲಿಲ್ಲ. ಗಾಲಿಕುರ್ಚಿ ತಳ್ಳುವವರು ತಾಯಿಯವರನ್ನು ಒಂದು ಬಾಗಿಲ ಬಳಿ ಬಿಟ್ಟು ಹೋದವರು ಮತ್ತೆ ಬರಲಿಲ್ಲ. ಒಂಬತ್ತು ಗಂಟೆ ಉಕ್ಕಿನ ಕುರ್ಚಿಗಳ ಮೇಲೆ ಕಳೆದೆವು. ಸಕ್ಕರೆಯ ಮಾತ್ರೆಯನ್ನು ಯಾವ ಊರಿನ ಗಡಿಯಾರ ನೋಡಿ ಕೊಡಬೇಕೆಂದು ತಿಳಿಯದೆ ನಾನು ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದೆ. ಮನೆಯಿಂದ ಮನೆಗೆ ಆ ಸಲ ತಗುಲಿದ್ದು 41 ಗಂಟೆ.

ಎಲ್ಲ ನಿಲುಗಡೆಗಳೂ ಹಾಗಿರುತ್ತವೆ ಎಂದು ನಾನು ಹೇಳುತ್ತಿಲ್ಲ. ನಿಲುಗಡೆಯ ದಾರಿಯನ್ನೇ ಆರಿಸಬೇಕಾದವರು ದೂರವನ್ನು ಕೂಡಿಸಿ ನೋಡುವುದು ಒಳಿತು, ಏಕೆಂದರೆ ಇಲ್ಲಿಯೂ ಗೋಡೆಯ ನಕ್ಷೆ ದಾರಿ ತಪ್ಪಿಸುತ್ತದೆ. ಸಿಂಗಪುರದ ಮೇಲೆ ಹೋದರೆ ಮೊದಲು ಸುಮಾರು 3,200 ಕಿಲೋಮೀಟರ್, ಆಮೇಲೆ ಸುಮಾರು 13,600, ಒಟ್ಟು 16,800. ದುಬೈ ಪಶ್ಚಿಮಕ್ಕಿದೆ, ನಾವು ಹೋಗಬೇಕಾದ ಊರಿಗೆ ಅದು ತಿರುಗುಮುರುಗಿನ ದಿಕ್ಕೆಂದು ಅನ್ನಿಸಿದರೂ ಅಲ್ಲಿಗೆ ಸುಮಾರು 2,700, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 13,000. ಒಟ್ಟು 15,700 ಕಿಲೋಮೀಟರ್ ಮಾತ್ರ. ಎರಡೂ ದಾರಿಗಳಲ್ಲಿ ಒಂದು ಹಾರಾಟ ಹೇಗೂ ಹದಿನಾಲ್ಕು–ಹದಿನಾರು ಗಂಟೆಯದೇ ಆಗಿರುತ್ತದೆ ಎಂಬುದನ್ನು ಗಮನಿಸಬೇಕು. ನಿಲುಗಡೆಯಿಂದ ಪ್ರಯಾಣ ಎರಡು ಸಮಭಾಗವಾಗಿ, ನಡುವೆ ಕಾಲು ಚಾಚಿಕೊಳ್ಳಬಹುದು ಎಂದು ನಾವು 2019ರಲ್ಲಿ ಭಾವಿಸಿದ್ದು ತಪ್ಪಾಗಿತ್ತು. ದೊಡ್ಡ ಹಾರಾಟ ದೊಡ್ಡದಾಗಿಯೇ ಉಳಿದು, ಅದರ ಹಿಂದೆ ಒಂದು ಸಣ್ಣ ಹಾರಾಟ ಮತ್ತು ಒಂದು ಕಾಯುವಿಕೆ ಸೇರಿಕೊಂಡಿತು. ನಿಜವಾಗಿ ಅರ್ಧಕ್ಕೆ ಹತ್ತಿರವಾಗಿ ಮುರಿಯಬೇಕೆಂದರೆ ಫ್ರಾಂಕ್‌ಫರ್ಟ್ ದಾರಿ ಉತ್ತಮ: ಸುಮಾರು 7,400 ಮತ್ತು 9,150 ಕಿಲೋಮೀಟರ್.

ಹಿಂದಿರುಗುವ ಹಾರಾಟ ಬೇರೆಯೇ ರೀತಿಯದು. ರಾತ್ರಿ ಒಂಬತ್ತಕ್ಕೆ ಹೊರಟ ವಿಮಾನ ಕೆನಡಾದ ಉತ್ತರಕ್ಕೆ ಏರಿ, ಹಿಮದ ಸಾಗರದ ಮೇಲೆ ಹಾದು, ರಷ್ಯಾದ ಕಡೆ ಇಳಿಯಿತು. ಹೋಗುವಾಗ ನೂಕಿಕೊಟ್ಟ ಗಾಳಿ ಬರುವಾಗ ಎದುರಾಗುತ್ತದೆ. ಅದು ದುರ್ಬಲವಾಗಿರುವ ಜಾಗವನ್ನು ಹುಡುಕಿ ಉತ್ತರಕ್ಕೆ ಹೋಗುವುದು. ಏಪ್ರಿಲ್ ಕೊನೆಯಾದ್ದರಿಂದ ಅಷ್ಟು ಉತ್ತರದಲ್ಲಿ ಕತ್ತಲೇ ಆಗಲಿಲ್ಲ. ಕಿಟಕಿಯ ಪರದೆಯನ್ನು ಒಂದು ಬೆರಳಷ್ಟು ಎತ್ತಿ ನೋಡಿದರೆ, ಬಿಳಿಯ ಮಂಜುಗಡ್ಡೆಯ ಬಯಲಿನಲ್ಲಿ ಒಣಗಿದ ಕೆರೆಯಂಗಳದ ಬಿರುಕುಗಳಂತೆ ಕಪ್ಪು ಗೆರೆಗಳು. ಪರದೆಯ ಮೇಲೆ ಹೊರಗಿನ ತಾಪಮಾನ ಸೊನ್ನೆಗಿಂತ 62 ಡಿಗ್ರಿ ಕಡಿಮೆ ಎಂದಿತ್ತು. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ, ನಮ್ಮಲ್ಲಿನ ಜೆಟ್ ಎ-1 ಇಂಧನಕ್ಕೆ ಆ ಮಿತಿ 47 ಡಿಗ್ರಿ. ಆದ್ದರಿಂದ ಧ್ರುವದ ದಾರಿಯಲ್ಲಿ ಪೈಲಟ್‌ಗಳು ರೆಕ್ಕೆಯೊಳಗಿನ ಇಂಧನದ ತಾಪವನ್ನು ಸದಾ ಗಮನಿಸುತ್ತಿರುತ್ತಾರೆ, ಬೇಕಾದರೆ ಎತ್ತರವನ್ನೋ ವೇಗವನ್ನೋ ಬದಲಿಸುತ್ತಾರೆ. ಬರುವಾಗ ನಮಗೆ ಆದದ್ದು 17 ಗಂಟೆ 20 ನಿಮಿಷ. ಹೋಗುವಾಗಿನದಕ್ಕಿಂತ ಒಂದು ಗಂಟೆ ಇಪ್ಪತ್ತು ನಿಮಿಷ ಹೆಚ್ಚು, ದೂರ ಮಾತ್ರ ಕಡಿಮೆ.

ಹಾರಾಟದ ವೇಳೆಯನ್ನು ಗಾಳಿಯಷ್ಟೇ ಅಲ್ಲದೆ ದೇಶಗಳ ಜಗಳಗಳೂ ನಿರ್ಧರಿಸುತ್ತವೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ರಷ್ಯಾ ತನ್ನ ಆಕಾಶವನ್ನು ಅಮೆರಿಕ ಮತ್ತು ಯುರೋಪಿನ ಸಂಸ್ಥೆಗಳಿಗೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ಮುಟ್ಟುತ್ತಿದ್ದ ವಿಮಾನಕ್ಕೆ ಸುಮಾರು ಹದಿಮೂರು ಗಂಟೆ ಹಿಡಿಯತೊಡಗಿತು. ಭಾರತದ ಸಂಸ್ಥೆಗಳಿಗೆ ಆ ನಿರ್ಬಂಧ ಇರಲಿಲ್ಲವಾದ್ದರಿಂದಲೇ ನಾವು ರಷ್ಯಾದ ಮೇಲಿನಿಂದ ಬಂದೆವು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ಹಾರಾಟಗಳೆಲ್ಲ ಉದ್ದವಾದವು. ಆದ್ದರಿಂದ ಟಿಕೆಟ್ ಕೊಳ್ಳುವವರು ಹಳೆಯ ವಿಮರ್ಶೆಗಳಲ್ಲಿರುವ ವೇಳೆಯನ್ನು, ನನ್ನದನ್ನೂ ಸೇರಿಸಿ, ನಂಬದೆ, ತಮ್ಮ ತಿಂಗಳಿನ ವೇಳಾಪಟ್ಟಿಯನ್ನು ನೋಡಬೇಕು. ಆ ದಿನಗಳಲ್ಲಿ ಈ ನೇರ ಸೇವೆ ಇದೆಯೇ ಎಂಬುದನ್ನೂ ಆಗಲೇ ಖಚಿತಪಡಿಸಿಕೊಳ್ಳಬೇಕು.

ಬೆಂಗಳೂರಿನಿಂದ ಹೊರಡುವವರು ಇನ್ನೊಂದನ್ನು ತಿಳಿದಿರಲಿ. ನಮ್ಮ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಕೊಲ್ಲಿಯ ನೀರಿಗೆ ತಾಗಿಕೊಂಡೇ ಇದೆ. ಎತ್ತರದಲ್ಲಿ, ಅದರಲ್ಲೂ ಬೇಸಿಗೆಯ ಮಧ್ಯಾಹ್ನದ ಬಿಸಿಯಲ್ಲಿ, ಗಾಳಿ ತೆಳುವಾಗಿರುವುದರಿಂದ ವಿಮಾನ ಹೊತ್ತುಕೊಂಡು ಏರಬಲ್ಲ ಭಾರ ಕಡಿಮೆಯಾಗುತ್ತದೆ. ಗಂಟೆಗೆ ಸುಮಾರು 7 ಟನ್ ಇಂಧನ ಉರಿಸುವ ವಿಮಾನಕ್ಕೆ ಹದಿನಾರು ಗಂಟೆಯ ಇಂಧನವೇ ನೂರು ಟನ್ನಿಗೂ ಮೇಲೆ. ನಾವು ಹೊರಟಾಗ ನಾಲ್ಕು ಕಿಲೋಮೀಟರ್ ಉದ್ದದ ರನ್‌ವೇಯಲ್ಲಿ ವಿಮಾನ ಬಹಳ ಹೊತ್ತು ಓಡಿ, ನಿಧಾನವಾಗಿ ಮೇಲೆದ್ದಿತು. ತಾಯಿಯವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಅದು ಭಾರ ಹೊತ್ತ ವಿಮಾನದ ಸಹಜ ನಡೆ, ಗಾಬರಿ ಬೇಡ ಎಂದು ಮೊದಲೇ ಹೇಳಿಟ್ಟಿದ್ದರೆ ಚೆನ್ನಾಗಿತ್ತು.

ಮೊಣಕಾಲು ನೋವಿನವರು, ಇಂಗ್ಲಿಷ್ ಬಾರದವರು, ಒಬ್ಬರೇ ಪ್ರಯಾಣ ಮಾಡುವ ಹಿರಿಯರು, ಇವರಿಗೆ ನಾನು ಹಿಂದೆಮುಂದೆ ನೋಡದೆ ನೇರ ವಿಮಾನವನ್ನೇ ಹೇಳುತ್ತೇನೆ. ಒಂದು ಸಲ ಕೂತರೆ ಮಗಳೋ ಮಗನೋ ನಿಂತಿರುವ ಊರಿನಲ್ಲೇ ಇಳಿಯುವುದು ಅವರಿಗೆ ಉಳಿಯುವ ಗಂಟೆಗಳಿಗಿಂತ ದೊಡ್ಡದು. ಬೆನ್ನುಹುರಿಯ ತೊಂದರೆಯಿದ್ದು ಅಷ್ಟು ಹೊತ್ತು ಒಂದೇ ಸಮನೆ ಕೂರಲಾಗದವರು ಮಾತ್ರ ವೈದ್ಯರನ್ನು ಕೇಳಿ ಯುರೋಪಿನ ದಾರಿಯಲ್ಲಿ, ನಡುವೆ ಒಂದು ರಾತ್ರಿ ತಂಗುವಂತೆ ಹೋಗುವುದು ಮೇಲು.

ಹಿಂದಿರುಗುವ ಟಿಕೆಟ್ಟಿನಲ್ಲಿ ಇಳಿಯುವ ವೇಳೆಯ ಪಕ್ಕದಲ್ಲಿ ಸಣ್ಣದಾಗಿ "+2" ಎಂದು ಮುದ್ರಿಸಿರುತ್ತಾರೆ, ಅಂದರೆ ಇಳಿಯುವುದು ಹೊರಟ ದಿನಕ್ಕಿಂತ ಎರಡು ತಾರೀಖು ಮುಂದೆ. ಅದನ್ನು ಮನೆಯವರಿಗೆಲ್ಲ ತೋರಿಸಿಡಿ. ನಾವು ಹೊರಟದ್ದು ಶನಿವಾರ ರಾತ್ರಿ, ಹದಿನೇಳು ಗಂಟೆಯ ಪ್ರಯಾಣ. ಹಾಗಾದರೆ ಭಾನುವಾರ ಬರುತ್ತಾರೆ ಎಂದು ಲೆಕ್ಕ ಹಾಕಿದ ನನ್ನ ತಮ್ಮ ಭಾನುವಾರ ಬೆಳಗಿನ ಜಾವಕ್ಕೆ ದೇವನಹಳ್ಳಿಗೆ ಕಾರು ಹೇಳಿಟ್ಟಿದ್ದ. ಆ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶನಿವಾರದ ಮಧ್ಯಾಹ್ನ, ನಾವು ತಂಗಿಯ ಮನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದೆವು. ಇಳಿದದ್ದು ಸೋಮವಾರ ನಸುಕಿನ ಎರಡು ಗಂಟೆ ಐವತ್ತು ನಿಮಿಷಕ್ಕೆ. ಎರಡನೇ ಟರ್ಮಿನಲ್ಲಿನ ಬಿದಿರಿನ ಚಾವಣಿಯ ಕೆಳಗೆ ಗಾಲಿಕುರ್ಚಿಯಲ್ಲಿ ಕೂತು ತಾಯಿಯವರು ಮೈಸೂರಿನ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.